ಕೆಳಗಿನ ಅಂಗಡಿಯವರಿಗೆ, ಬೋರ್ಡಿನ ಹಿಂದಿನಿಂದ



ನಾನು ನಿಮ್ಮ ಅಂಗಡಿಯ ನೆತ್ತಿಯ ಮೇಲೆ, ಮೊದಲನೇ ಮಹಡಿಯಲ್ಲಿ ಬಾಡಿಗೆಗಿರುವವನು. ನೀವು ನನ್ನ ಮುಖ ನೋಡಿರಲಿಕ್ಕಿಲ್ಲ. ಬೀದಿಗಿದ್ದ ನನ್ನ ಒಂದೇ ಕಿಟಕಿಯ ಮೇಲೆ ನಿಮ್ಮ ಬೋರ್ಡಿನ ಎಸಿಪಿ ಶೀಟು ಕೂತಿದೆ. ಹಾಗಾಗಿ ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿಕೊಂಡು ಅಕ್ಕಿ ಆರಿಸುತ್ತೇವೆ. ರಾತ್ರಿ ಆ ಖರ್ಚಿಲ್ಲ. ಶೀಟಿನ ಸಂದಿಯಿಂದ ನಿಮ್ಮ ಎಲ್‌ಇಡಿ ನುಸುಳಿ ಬಂದು ಸೊಳ್ಳೆಪರದೆಯನ್ನೂ ನೀಲಿ ಮಾಡುತ್ತದೆ. ಕರೆಂಟು ನಿಮ್ಮದು, ಜಾಗರಣೆ ನಮ್ಮದು.

ನಿಮ್ಮ ಕನ್ನಡಪ್ರೇಮಕ್ಕೆ ಅಭಿನಂದನೆ. ಬೋರ್ಡಿನ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, 2024ರ ಫೆಬ್ರವರಿ 28 ಕಡೇ ದಿನ ಎಂದು ಪಾಲಿಕೆ ಹೇಳಿದಾಗ ನಿಮ್ಮ ಹುಡುಗರು ಏಣಿ ಹತ್ತಿ ಟೇಪು ಹಿಡಿದದ್ದನ್ನು ಹಾಲು ತರಲು ಇಳಿದಾಗ ನೋಡಿದೆ. ಇಂಗ್ಲಿಷಿಗೆ ಅಕ್ರಿಲಿಕ್ಕಿನ ಉಬ್ಬಕ್ಷರ, ಬೆನ್ನಿಗೆ ದೀಪ. ಕನ್ನಡಕ್ಕೆ ಬೈಂಡಿಂಗ್ ವೈರಿನಲ್ಲಿ ಬಿಗಿದ ಫ್ಲೆಕ್ಸು. ಸೂರ್ಯ ಮುಳುಗಿದೊಡನೆ ಅರವತ್ತೂ ಸೊನ್ನೆ. 2018ರಲ್ಲಿ ಹೈಕೋರ್ಟು ಗದರಿ ಬೆಂಗಳೂರಿನ ಫ್ಲೆಕ್ಸುಗಳನ್ನು ಕೀಳಿಸಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದೇ ಫ್ಲೆಕ್ಸು ಕನ್ನಡ ಉಳಿಸಲು ವಾಪಸ್ ಬಂದೀತೆಂದು ಯಾರಿಗೆ ಗೊತ್ತಿತ್ತು?

ಆ ಫ್ಲೆಕ್ಸಿನಲ್ಲಿ ಒತ್ತಕ್ಷರಗಳು ಒಡೆದು ಸಾಲಾಗಿ ನಿಂತಿವೆ. ಫಾಂಟಿನ ತಪ್ಪಿರಬೇಕು, ಬಿಡಿ. ನಮ್ಮಮ್ಮ ಆದರೂ ಕೂಡಿಸಿ ಓದಿದರು: 'ವೆಲ್‌ನೆಸ್ ಸ್ಟುಡಿಯೋ'. "ಪಿಂಚಣಿಗೆ ಫೋಟೋ ಬೇಕಿತ್ತು ಕಣೋ, ಕೆಳಗೇ ತೆಗೀತಾರಂತೆ" ಎಂದು ತಲೆ ಬಾಚಿಕೊಂಡು ಇಳಿದು ಹೋದರು. ಬರುವಾಗ ಕೈಯಲ್ಲಿ ಕಾಲು ಕೆಜಿ ರಾಗಿ ಹುರಿಹಿಟ್ಟು, ಗಾಜಿನ ಜಾಡಿಯಲ್ಲಿ. ರೇಟು ಇಲ್ಲಿ ಬರೆಯುವುದಿಲ್ಲ. ಅವರಿಗೆ ಬಿಪಿ ಇದೆ.

ನಿಮಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ಕಿಟಕಿಯ ಸಂದಿಗೆ ಟಾರ್ಚು ಬಿಟ್ಟರೆ ಶೀಟಿನ ಹಿಂದಿನ ಗೋಡೆಯಲ್ಲಿ ಹಳೇ ಅಂಗಡಿಯ ಬರಹ ಇನ್ನೂ ಇದೆ. ಹಳದಿ ಎನಾಮೆಲ್ ಪೇಂಟು, ಪ್ರತಿ ಅಕ್ಷರದ ಬಲಕ್ಕೂ ಕಪ್ಪು ನೆರಳು, 'ಗಿ'ಯ ಗುಡಿಸು ನೋಡಬೇಕು ನೀವು, ಬೀಸಿ ಎಳೆದ ಕುಂಚದ ಗುರುತು ಕೂಡ ಮಾಸಿಲ್ಲ: 'ಇಲ್ಲಿ ಅಕ್ಕಿ, ರಾಗಿ, ಬೇಳೆ ಸಿಗುತ್ತದೆ.'

ಒಂದೇ ಬಿನ್ನಹ. ನಿಮ್ಮ ಇಂಗ್ಲಿಷ್ ಸ್ಟುಡಿಯೋದ ಕೊನೆಯ 'ಓ' ಸರಿಯಾಗಿ ನನ್ನ ಕಿಟಕಿಗೇ ಬಂದಿದೆ. ನಡುವೆ ಒಂದು ತೂತು ಕೊರೆಸಿಕೊಡಿ. ಗಾಳಿ ಬರಲು ಭಾಷೆಯ ತಕರಾರಿಲ್ಲ.

ಇಂತಿ,
'ಓ'ದ ಹಿಂದಿನವನು