ಮಧ್ಯಂತರ ವಾಹನ ಮೀಮಾಂಸೆ

ಅನುಬಂಧ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ಹೇಳಿ ಮುಂದುವರಿಯತಕ್ಕದ್ದೆಂಬುದು ಪೂರ್ವಾಚಾರ್ಯರ ಪದ್ಧತಿಯಾಗಿರುವುದರಿಂದ, ಪ್ರಕೃತ ಲೇಖಕನೂ ಆ ಹಾದಿಯನ್ನೇ ಹಿಡಿದಿದ್ದಾನೆ. ಯಾವನ ಹಳೆಯ ಕಾರು ಕೆಟ್ಟು ನಿಂತಿದೆಯೋ, ಯಾವನು ಹೊಸ ಹೈಬ್ರಿಡ್ ಕಾರಿಗೆ ಮುಂಗಡ ಕಟ್ಟಿ ರಶೀದಿಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಿದ್ದಾನೆಯೋ, ಮತ್ತು ಇವೆರಡು ಸಂಗತಿಗಳನ್ನು ಲೆಕ್ಕಿಸದೆ ಯಾವನ ಮನೆಗೆ ಬೆಳಗಿನ ಎಂಟು ಗಂಟೆಯು ದಿನವೂ ತಪ್ಪದೆ ಬರುತ್ತಿದೆಯೋ ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಆ ಎರಡು ಕಾರುಗಳ ನಡುವೆ ಕೊಳ್ಳಲ್ಪಡುವ ಮೂರನೆಯ ಕಾರು ವಿಷಯ. ಅಧಿಕಾರಿಗೂ ವಿಷಯಕ್ಕೂ ಇರುವ ಸಂಬಂಧವು ತಿಂಗಳ ಕಂತಿನದು. ಪ್ರಯೋಜನವನ್ನು ಗ್ರಂಥಾಂತ್ಯದಲ್ಲಿ ಹೇಳಲಾಗುವುದು. ಈಗಲೇ ಹೇಳಿಬಿಟ್ಟರೆ ಮುಂದೆ ಓದುವವರಾರು?

ಲೇಖಕನ ವಾಸ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದ ಆಚೆಗೆ. ಉದ್ಯೋಗ ಪೀಣ್ಯದ ಎರಡನೆಯ ಹಂತದಲ್ಲಿ. ಆತನ ಧರ್ಮಪತ್ನಿಯ ಉದ್ಯೋಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಂಗಳೂರಿನ ಪೂರ್ವ, ವಾಯವ್ಯ, ಆಗ್ನೇಯ ದಿಕ್ಕುಗಳಲ್ಲಿ ಹೀಗೆ ಮೂರು ಬಿಂದುಗಳನ್ನಿಟ್ಟು ಎಳೆದ ತ್ರಿಕೋಣದೊಳಗೆ ಸಂಸಾರವೊಂದನ್ನು ಕೂಡಿಸಿಟ್ಟಿರುವ ದಂಪತಿಗಳಿಗೆ ಕಾರೆಂಬುದು ವಿಲಾಸದ್ರವ್ಯವಲ್ಲದೆ ಮನೆಯ ನಾಲ್ಕನೆಯ ಕೋಣೆಯೆಂಬುದನ್ನು ಆ ಕಡೆಯ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಿರುಕ್ತ

'ಹೈಬ್ರಿಡ್' ಶಬ್ದದ ಮೂಲವು ಲ್ಯಾಟಿನ್ ಭಾಷೆಯಲ್ಲಿದ್ದು, ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಗೆ ಆ ಹೆಸರಿತ್ತೆಂದು ನಿಘಂಟುಕಾರರು ಹೇಳುತ್ತಾರೆ. ನೀರಿನಲ್ಲಿ ಮುಳುಗಿದುದನ್ನು ಮೇಲೆತ್ತಿದ ವರಾಹಾವತಾರದ ವಂಶಕ್ಕೆ ಸೇರಿದ ವಾಹನವು ಪ್ರತಿ ಮಳೆಗಾಲವೂ ಮುಳುಗುವ ಹೊರವರ್ತುಲ ರಸ್ತೆಗೆ ಯೋಗ್ಯವಾದುದೆಂಬ ಅರ್ಥವನ್ನು ಭಕ್ತರು ಇದರಿಂದ ತೆಗೆಯಬಹುದಾದರೂ ಅದು ಸಾಹಸದ ಅರ್ಥ. ಕನ್ನಡಿಗರಿಗೆ ಈ ಶಬ್ದವು ಕಾರಿಗಿಂತ ಎಷ್ಟೋ ಮೊದಲೇ ಹೊಲದ ಬದುವಿನಿಂದ ಪರಿಚಿತವಾಗಿದೆ. ಹೈಬ್ರಿಡ್ ಜೋಳ, ಮಿಶ್ರತಳಿ ಹಸು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿಕೊಟ್ಟ 'ಅರ್ಕಾ ರಕ್ಷಕ್' ಎಂಬ ಟೊಮ್ಯಾಟೊ, ಇವೆಲ್ಲ ಹೈಬ್ರಿಡ್ಡುಗಳೇ. ಆದಕಾರಣವೇ, ಮಾಲೂರು ತಾಲ್ಲೂಕಿನ ನಮ್ಮೂರಿಗೆ ಹೋಗಿ, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿಯವರಿಗೆ "ಅಮ್ಮಾ, ಹೈಬ್ರಿಡ್ ಕಾರಿಗೆ ದುಡ್ಡು ಕಟ್ಟಿದೀನಿ" ಎಂದು ಲೇಖಕನು ಸಂಭ್ರಮದಿಂದ ಅರಿಕೆ ಮಾಡಿದಾಗ, ಅವರು ಕೈಯಲ್ಲಿದ್ದ ಕಾಯನ್ನು ಕೆಳಗಿಡದೆಯೇ, "ಯಾಕಪ್ಪಾ, ನಾಟೀದು ಸಿಗ್ಲಿಲ್ವಾ?" ಎಂದು ಕೇಳಿದರು. ಹೈಬ್ರಿಡ್ ಟೊಮ್ಯಾಟೊ ಹಾಕಿದ ಸಾರಿಗೆ ಹುಳಿಯಿರುವುದಿಲ್ಲವೆಂಬ ದೀರ್ಘಾನುಭವವೇ ಈ ಪ್ರಶ್ನೆಗೆ ಆಧಾರವಾಗಿದ್ದು, ಅದಕ್ಕೆ ಸಮರ್ಪಕವಾದ ಉತ್ತರವು ಕಾರಿನ ಶೋರೂಮಿನಲ್ಲಿ ಕೊಟ್ಟ ನುಣುಪು ಕಾಗದದ ಪುಸ್ತಿಕೆಯಲ್ಲಿ ಎಲ್ಲಿಯೂ ದೊರೆಯಲಿಲ್ಲ.

ಇತಿಹಾಸ

ಪೆಟ್ರೋಲನ್ನೂ ವಿದ್ಯುತ್ತನ್ನೂ ಒಂದೇ ನೊಗಕ್ಕೆ ಕಟ್ಟುವ ಯೋಚನೆಯು ಹೊಸದಲ್ಲ. 1900ರಲ್ಲಿಯೇ ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿದ್ದ ಫರ್ಡಿನಾಂಡ್ ಪೋರ್ಷೆ ಎಂಬ ತರುಣನು ಅಂತಹ ಗಾಡಿಯೊಂದನ್ನು ಕಟ್ಟಿ ಅದಕ್ಕೆ 'ಸೆಂಪರ್ ವಿವುಸ್', ಎಂದರೆ ಸದಾ ಜೀವಂತ, ಎಂದು ಹೆಸರಿಟ್ಟನು. ಸದಾ ಜೀವಂತವಾದ ಆ ತಳಿಯು ಸುಮಾರು ಒಂದು ಶತಮಾನದಷ್ಟು ಕಾಲ ಬಹುಮಟ್ಟಿಗೆ ಮೂರ್ಛೆಯಲ್ಲಿದ್ದು, 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾದವರ 'ಪ್ರಿಯಸ್' ಎಂಬ ನಾಮಾಂತರದಿಂದ ಎದ್ದು ಕುಳಿತು, 2010ರಲ್ಲಿ ಭಾರತಕ್ಕೆ ಬಂದಿತು. 2013ರಲ್ಲಿ ಬಿಡದಿಯಲ್ಲಿ, ಎಂದರೆ ತಟ್ಟೆ ಇಡ್ಲಿಗೆ ಪ್ರಸಿದ್ಧವಾದ ಆ ಊರಿನಲ್ಲಿಯೇ, ಕ್ಯಾಮ್ರಿ ಹೈಬ್ರಿಡ್ಡಿನ ತಯಾರಿಕೆ ಮೊದಲಾಯಿತು. ಭಾರತದ ಈ ಎರಡು ಸಂಗತಿಗಳಿಗೂ ಹಿಂದೆ, 2001ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿತ್ತೆಂಬುದನ್ನೂ, ಅದನ್ನು ಕಂಡು ನಕ್ಕವರಲ್ಲಿ ಲೇಖಕನೂ ಒಬ್ಬನಾಗಿದ್ದನೆಂಬುದನ್ನೂ ಸತ್ಯನಿಷ್ಠೆಯಿಂದ ಇಲ್ಲಿ ದಾಖಲಿಸಲಾಗಿದೆ.

ಕಾಯುವಿಕೆಯೂ ನಮಗೆ ಹೊಸದಲ್ಲ. ಬಜಾಜ್ ಚೇತಕ್ ಸ್ಕೂಟರಿಗೆ ಹೆಸರು ಬರೆಸಿದವನು ಹತ್ತು ವರ್ಷದವರೆಗೆ ಕಾದ ಕಾಲವೊಂದಿತ್ತು. ಮದುವೆಗೆ ಮುಂಚೆ ಹೆಸರು ಬರೆಸಿದವರು ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರನ್ನು ಮನೆಗೆ ತಂದರು. ಅವರ ಮುಂದೆ ನಮ್ಮ ಹನ್ನೊಂದು ತಿಂಗಳಿನ ತಪಸ್ಸು ಬಾಲಲೀಲೆ.

ಅಭಾವ ನಿರೂಪಣೆ

ಇನ್ನು ಗ್ರಂಥದ ಹೃದಯಭಾಗ. 'ಇಲ್ಲ' ಎಂಬುದು ಒಂದೇ ಬಗೆಯದಲ್ಲ, ನಾಲ್ಕು ಬಗೆಯದೆಂದು ನೈಯಾಯಿಕರು ತೋರಿಸಿಕೊಟ್ಟಿದ್ದಾರೆ. ಅವರು ಮಡಕೆಯನ್ನಿಟ್ಟು ಹೇಳಿದುದನ್ನು ನಾವು ಕಾರನ್ನಿಟ್ಟು ಹೇಳುವೆವು.

ಒಡೆದ ಮೇಲೆ ಉಂಟಾಗುವ ಇಲ್ಲದಿರುವಿಕೆಯು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ನಮ್ಮ ಹಳೆಯ ಕಾರಿನ ಪ್ರಧ್ವಂಸಾಭಾವವು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಒಂದು ಸೋಮವಾರ, ಹಿಂದಿದ್ದ ಸಮಸ್ತ ತುಮಕೂರು ರಸ್ತೆಯ ಸಾಕ್ಷಿಯಲ್ಲಿ ಆರಂಭವಾಯಿತು. ತರ್ಕಶಾಸ್ತ್ರದ ಬಾಲಪಾಠದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತಾರೆ; ಪೀಣ್ಯದ ಗ್ಯಾರೇಜಿನ ಮೇಸ್ತ್ರಿಯಾದರೋ ಸೈಲೆನ್ಸರಿನ ಬಿಳಿಯ ಹೊಗೆಯನ್ನು ಕಂಡು ನೀರನ್ನು ಊಹಿಸಿದನು. ಆಯಿಲ್ ಕಡ್ಡಿಯನ್ನು ಸೆಳೆದು, ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದ ಅದರ ತುದಿಯನ್ನು ನನ್ನ ಮೂಗಿನ ಸಮೀಪಕ್ಕೆ ಹಿಡಿದು, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ನೀರೂ ಆಯಿಲೂ ಒಂದಾಗ್ಬಿಟ್ಟಿದೆ. ಹೆಡ್ಡೂ ಬೆಂಡಾಗಿದೆ. ಮಾಡ್ಕೊಡ್ತೀನಿ, ಆದ್ರೆ ಬಿಲ್ಲು ಗಾಡಿಗಿಂತ ದೊಡ್ಡದಾಗತ್ತೆ" ಎಂದನು. ನೀರು ಮತ್ತು ಎಣ್ಣೆಗಳ ಈ ಐಕ್ಯದಿಂದ ಹದಿನಾಲ್ಕು ವರ್ಷದ ಆ ಕಾರು ತನ್ನ ಅಂತ್ಯಕಾಲದಲ್ಲಿ ತಾನೇ ಹೈಬ್ರಿಡ್ ಆಗಿಬಿಟ್ಟಿತೆಂದು ಹೇಳಬಹುದು. ಅಂತ್ಯವಿಲ್ಲವೆಂಬ ಲಕ್ಷಣವೂ ತಪ್ಪಲಿಲ್ಲ: ಅದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹೊದ್ದು ಇಂದಿಗೂ ನಿಂತಿದೆ, ಮಕ್ಕಳು ಅದರ ಹಿಂದಿನ ಗಾಜಿನ ಮೇಲೆ ಬೆರಳಿನಿಂದ ಕಾಗುಣಿತ ಬರೆಯುತ್ತಾರೆ.

ಹುಟ್ಟುವ ಮೊದಲಿನ ಇಲ್ಲದಿರುವಿಕೆಯು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಮುಂಗಡ ಕಟ್ಟಿದ ಹೈಬ್ರಿಡ್ಡಿನ ಸ್ಥಿತಿ ಇದೇ. 'ಪ್ರಿಯಸ್' ಎಂಬ ಲ್ಯಾಟಿನ್ ಪದಕ್ಕೆ 'ಮೊದಲು, ಪೂರ್ವದಲ್ಲಿ' ಎಂಬರ್ಥವಿರುವುದನ್ನು ನೋಡಿದರೆ, ಈ ತಳಿಯ ವಾಹನಗಳಿಗೂ ಪ್ರಾಗಭಾವಕ್ಕೂ ಇರುವ ನಂಟು ನಾಮಕರಣದ ದಿನವೇ ನಿಶ್ಚಯವಾಗಿತ್ತೆಂದು ತೋರುತ್ತದೆ.

ಒಂದು ಇನ್ನೊಂದಲ್ಲವೆಂಬುದು ಅನ್ಯೋನ್ಯಾಭಾವ: ಪುಸ್ತಿಕೆಯ ಚಿತ್ರದಲ್ಲಿ ಹಿಮಾಲಯದ ತಪ್ಪಲಲ್ಲಿ ಓಡುವ ಕಾರು ಹೂಡಿಯ ರೈಲ್ವೆ ಹಳಿಯ ಬಳಿ ನಿಲ್ಲುವ ಕಾರಲ್ಲ. ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಅದಕ್ಕೆ ಪೂರ್ವಾಚಾರ್ಯರು ಗಾಳಿಯಲ್ಲಿ ಬಣ್ಣವಿಲ್ಲದಿರುವುದನ್ನು ಉದಾಹರಿಸಿದರೆ, ನಾವು ಮಾರತ್‌ಹಳ್ಳಿ ಸೇತುವೆಯ ಮೇಲೆ ಸಂಜೆ ಆರೂವರೆಗೆ ಮೂರನೆಯ ಗೇರನ್ನು ಉದಾಹರಿಸುತ್ತೇವೆ.

ಹೀಗೆ ಹಿಂದೆ ಒಂದು ಅಭಾವ, ಮುಂದೆ ಒಂದು ಅಭಾವ. ಇವೆರಡರ ಸಂದಿಯಲ್ಲಿ ನಾಲ್ಕು ಚಕ್ರಗಳ ಮೇಲೆ ನಿಂತಿರುವ ಏಕಮಾತ್ರ ಭಾವಪದಾರ್ಥವೇ ಮಧ್ಯಂತರ ವಾಹನವೆಂಬುದು ನಮ್ಮ ಸಿದ್ಧಾಂತ.

ಪ್ರಮಾಣ ಪರೀಕ್ಷೆ

ಮಧ್ಯಂತರ ವಾಹನವನ್ನು ಆರಿಸುವಲ್ಲಿ ಶಬ್ದಪ್ರಮಾಣವನ್ನು ನಂಬತಕ್ಕದ್ದಲ್ಲ. ಸೆಕೆಂಡ್‌ಹ್ಯಾಂಡ್ ಪೇಟೆಯ ಬ್ರೋಕರುಗಳ ವಾಕ್ಯವು ಅನಾದಿಯೂ ಅಪೌರುಷೇಯವೂ ಆದುದು: "ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ, ಮನೆಯಿಂದ ಕ್ಲಿನಿಕ್ಕಿಗೆ ಅಷ್ಟೇ." ಈ ನಗರದಲ್ಲಿ ಮಾರಾಟಕ್ಕಿರುವ ಕಾರುಗಳ ಸಂಖ್ಯೆಯನ್ನು ನೋಡಿದರೆ ಅಷ್ಟು ಮಂದಿ ವೈದ್ಯರಿದ್ದೂ ನಾವೇಕೆ ರೋಗಿಗಳಾಗಿದ್ದೇವೆಂಬುದು ವಿಚಾರಾರ್ಹ. ಆದಕಾರಣ ಪ್ರತ್ಯಕ್ಷವೇ ಗತಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರ, ಯಮಲೂರು, ಸರ್ಜಾಪುರ ರಸ್ತೆಯ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳು ಒಣಗಿ ಹೊಳಪು ಪಡೆದು ಎಲ್ಲಿಗೋ ಹೋಗಿರಲೇಬೇಕಷ್ಟೆ. ಅಂಥದನ್ನು ಗುರುತಿಸಬೇಕಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಮೇಲಿನದನ್ನು ಎಷ್ಟು ತೊಳೆದರೂ ಸುರುಳಿಯ ಒಳಮಡಿಕೆಯಲ್ಲಿ ಕೆರೆಯ ಮಣ್ಣು ಗೆರೆಯಾಗಿ ಉಳಿದಿರುತ್ತದೆ. ಲೇಖಕನು ಏಳು ಕಾರುಗಳ ಬೆಲ್ಟುಗಳನ್ನು ಎಳೆದನು. ಎರಡರಲ್ಲಿ ಕೆರೆ ಸಿಕ್ಕಿತು.

ಎಂಟನೆಯದು ಹತ್ತು ವರ್ಷದ, ಬಿಳಿಯ, ಸಣ್ಣ ಕಾರು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಾಗ ಮಾತ್ರ ಅದರ ಹಾರನ್ ಕೂಗುತ್ತಿತ್ತು. ಎಡಗಡೆಯ ಕಿಟಕಿಯ ಗಾಜನ್ನು ಏರಿಸಲು ಗುಂಡಿಯೊತ್ತುವುದರ ಜೊತೆಗೆ ಅಂಗೈಯಿಂದ ಆಶೀರ್ವದಿಸಿದಂತೆ ತಳ್ಳಬೇಕಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಹಿಂದಿನ ಯಜಮಾನರು ಕಿತ್ತೊಯ್ದ ಗಣಪತಿಯ ಗೋಂದಿನ ಗುರುತೂ, ಕೈಪೆಟ್ಟಿಗೆಯಲ್ಲಿ ಧರ್ಮಸ್ಥಳದ ಕುಂಕುಮದ ಪೊಟ್ಟಣವೂ, ಯಾವುದೋ ಹುಡುಗಿಯ ಕೆಂಪು ಕೂದಲ ಕ್ಲಿಪ್ಪೂ ಇದ್ದುವು. ದೇವರು ಹೋದರೂ ಪ್ರಸಾದ ಉಳಿದಿರುವ ವಾಹನವು ನಂಬತಕ್ಕದ್ದೆಂದು ನಿರ್ಣಯಿಸಿ, 29ನೆಯ ನಮೂನೆಗೆ ಎರಡು ಪ್ರತಿಗಳಲ್ಲಿಯೂ 30ನೆಯ ನಮೂನೆಗೆ ಅದರ ಜಾಗದಲ್ಲಿಯೂ ರುಜು ಹಾಕಿಸಿಕೊಂಡು, ವಿಮೆಯನ್ನು ಹದಿನಾಲ್ಕು ದಿನದೊಳಗೆ ಹೆಸರಿಗೆ ವರ್ಗಾಯಿಸಿಕೊಂಡು, ಮಧ್ಯಂತರವನ್ನು ಮನೆಗೆ ತರಲಾಯಿತು. "ಎರಡು ತಿಂಗಳಿಗೆ ತಾನೆ" ಎಂದಳು ಹೆಂಡತಿ. ಸೀಟಿಗೆ ಹೊಸ ಕವರು ಹಾಕಿಸುವ ಮಾತು ಆಗ ಬಿದ್ದುಹೋಯಿತು. ಐದನೆಯ ತಿಂಗಳಿನಲ್ಲಿ ಎದ್ದಿತು. ಆರನೆಯ ತಿಂಗಳಿನಲ್ಲಿ ಹಾಕಿಸಿದ್ದಾಯಿತು.

'ತಾತ್ಕಾಲಿಕ' ಎಂಬ ಶಬ್ದಕ್ಕೆ ಈ ಪ್ರಾಂತದಲ್ಲಿ ಪ್ರಾಪ್ತವಾಗಿರುವ ಅರ್ಥವಿಸ್ತಾರವನ್ನು ತಿಳಿಯಲು ಉಪಮಾನವೊಂದು ಸಾಕು. ಪೀಣ್ಯದ ಮೇಲ್ಸೇತುವೆಯು ಒಳಗಿನ ಉಕ್ಕಿನ ಹಗ್ಗಗಳ ದೋಷದಿಂದಾಗಿ 2021ರ ಡಿಸೆಂಬರಿನಲ್ಲಿ ಮುಚ್ಚಲ್ಪಟ್ಟು, 2022ರ ಫೆಬ್ರವರಿಯಲ್ಲಿ ಲಘುವಾಹನಗಳಿಗೆ ತೆರೆಯಲ್ಪಟ್ಟರೂ, ಲಾರಿಗಳು ಅದರ ಕೆಳಗೆ 2024ರವರೆಗೂ ಕಾದುಕೊಂಡಿದ್ದುವು. ಸೇತುವೆಯೇ ಕಾಯಿಸುವಲ್ಲಿ ಕಾರು ಕಾಯಿಸುವುದು ಕೌತುಕವಲ್ಲ. ಶೋರೂಮಿನ ತರುಣನೂ ತಿಂಗಳಿಗೊಮ್ಮೆ ಫೋನೆತ್ತಿ, "ನಿಮ್ದು ಪೈಪ್‌ಲೈನಲ್ಲಿದೆ ಸಾರ್, ಅಲಾಟ್‌ಮೆಂಟ್ ಆಗ್ಬೇಕು, ನೋಡಿ ಹೇಳ್ತೀನಿ" ಎಂದು ವಿನಯದಿಂದಲೇ ಹೇಳುತ್ತಿದ್ದನು. ಇದು ಸುಳ್ಳಲ್ಲ, ನಿಜವಲ್ಲ; ಅನಿರ್ವಚನೀಯ.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ. "2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೂ ಅಖಂಡವಾಗಿ ಓಡುತ್ತಿದೆ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗವನ್ನು ಹಿಡಿದರೆ ಪೀಣ್ಯ, 2025ರ ಆಗಸ್ಟಿನಿಂದ ಹಳದಿ ಮಾರ್ಗವು ನಿನ್ನ ಹೆಂಡತಿಯನ್ನು ಎಲೆಕ್ಟ್ರಾನಿಕ್ ಸಿಟಿಗೆ ಒಯ್ಯಬಲ್ಲುದು. ಇಂತಿರಲು ನಿನಗೆ ಮೂರು ಕಾರೇಕೆ?" ಈ ಪೂರ್ವಪಕ್ಷವು ಎಷ್ಟು ಪ್ರಬಲವಾದುದೆಂದರೆ ಇದಕ್ಕೆ ಉತ್ತರವಿಲ್ಲ. ಅಂತಹ ಸಂದರ್ಭಗಳಲ್ಲಿ ಸಿದ್ಧಾಂತಿಯು ಕಂಠವನ್ನು ಎತ್ತರಿಸಿ ಮುಂದಿನ ಪ್ರಕರಣಕ್ಕೆ ಹೋಗುವುದು ವಾದಶಾಸ್ತ್ರದಲ್ಲಿ ರೂಢಿಯಾಗಿದೆ.

ಎರಡನೆಯ ಪೂರ್ವಪಕ್ಷವು ತೆರಿಗೆಯದು. ಜಿಎಸ್‌ಟಿಯ ಪಂಕ್ತಿಯಲ್ಲಿ ಶುದ್ಧ ವಿದ್ಯುತ್ ಕಾರಿಗೆ ಶೇಕಡಾ 5ರ ಬಾಳೆಯೆಲೆ ಹಾಕಿ, ದೊಡ್ಡ ಹೈಬ್ರಿಡ್ಡನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ರ ಹೊರಜಗುಲಿಯಲ್ಲಿ ಕೂರಿಸಿರುವಾಗ, ಅರೆಬರೆಯ ಈ ತಳಿಯ ವ್ಯಾಮೋಹವೇತಕ್ಕೆ? ಇದಕ್ಕೆ ಮಾತ್ರ ಉತ್ತರವುಂಟು. ಹೈಬ್ರಿಡ್ಡಿನ ಹೊಟ್ಟೆಯೊಳಗಿನ ಹಲ್ಲುಚಕ್ರಗಳಲ್ಲಿ ನಡುವಿನದಕ್ಕೆ ಸೂರ್ಯನೆಂದೂ ಸುತ್ತಣವುಗಳಿಗೆ ಗ್ರಹಗಳೆಂದೂ ಯಂತ್ರಜ್ಞರೇ ಹೆಸರಿಟ್ಟಿದ್ದಾರೆ. ಬಹುಮಂದಿ ಕಟ್ಟುವ ಬಗೆಯಲ್ಲಿ ಎಂಜಿನ್ನು ಗ್ರಹಗಳನ್ನೂ ಜನರೇಟರು ಸೂರ್ಯನನ್ನೂ ಹಿಡಿದಿದ್ದು, ಹೊರವಲಯವು ಗಾಲಿಗಳನ್ನು ತಿರುಗಿಸುತ್ತದೆ. ಗ್ರಹಗತಿಯಿಂದಲೇ ನಡೆಯುವ ವಾಹನಕ್ಕೆ ಪಂಚಾಂಗದ ದೇಶದಲ್ಲಿ ಬೇರೆ ಶಿಫಾರಸು ಬೇಕಿಲ್ಲ. ಅದಕ್ಕಿಂತ ಮಿಗಿಲಾದುದು ಇದರ ಬ್ರೇಕಿನ ಗುಣ: ಒತ್ತಿದೊಡನೆ ಮೋಟಾರು ಜನರೇಟರಾಗಿ ತಿರುಗಿ, ಮಿಕ್ಕ ಕಾರುಗಳು ಬಿಸಿಯಾಗಿ ಕಳೆದುಕೊಳ್ಳುವ ವೇಗವನ್ನು ಬ್ಯಾಟರಿಯೊಳಗೆ ವಿದ್ಯುತ್ತಾಗಿ ಕೂಡಿಡುತ್ತದೆ. ತಡೆದಷ್ಟೂ ತುಂಬಿಕೊಳ್ಳುವ ಈ ಯಂತ್ರವು ಬಯಲುಹೆದ್ದಾರಿಗಿಂತಲೂ ಸಿಲ್ಕ್ ಬೋರ್ಡಿನ ಅಕ್ಕಪಕ್ಕದಲ್ಲಿಯೇ ತನ್ನ ಮಹಿಮೆಯನ್ನು ಮೆರೆಯುತ್ತದೆ. ಅದನ್ನು ಪಡೆಯಲೆಂದು ನಿಂತವನಿಗೂ ಆ ಗುಣವು ಮುಂಚಿತವಾಗಿಯೇ ಅಂಟುವುದೆಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಫಲಶ್ರುತಿ

ಹನ್ನೊಂದನೆಯ ತಿಂಗಳಿನ ಒಂದು ಮಧ್ಯಾಹ್ನ, ಲೇಖಕನು ಪೀಣ್ಯದಲ್ಲಿ ಊಟದ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಿರುವಾಗ, ಶೋರೂಮಿನ ತರುಣನ ಕರೆ ತಾನಾಗಿಯೇ ಬಂದಿತು. "ಸಾರ್, ಗಾಡಿ ಬಂದಿದೆ! ನಾಳೆನೇ ಡೆಲಿವರಿ ತಗೋಬಹುದು." ಪ್ರಾಗಭಾವವು ಅಂತವನ್ನು ಕಂಡಿತೆಂಬ ಹರ್ಷದಿಂದ ಲೇಖಕನು ಒಡನೆಯೇ ಊರಿಗೆ ಫೋನು ಮಾಡಿದನು. ತಾಯಿಯವರು ಸಾವಧಾನವಾಗಿ ಕೇಳಿ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿರಬೇಕು, ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ನಿನ್ನೆಯಿಂದ ಆಷಾಢ ಕಣಪ್ಪಾ. ಆಷಾಢದಲ್ಲಿ ಯಾರಾದ್ರೂ ಗಾಡಿ ತರ್ತಾರಾ? ಶ್ರಾವಣ ಬರ್ಲಿ. ಹೋದ ಶುಕ್ರವಾರ ಯಾಕೆ ಹೇಳ್ಲಿಲ್ಲಂತೆ ಅವ್ರು?"

ಹೈಬ್ರಿಡ್ಡನ್ನು ಒಪ್ಪದಿದ್ದವರು ಅದಕ್ಕೆ ಮುಹೂರ್ತವನ್ನು ಹುಡುಕುವಷ್ಟು ಸಮೀಪಕ್ಕೆ ಬಂದಿದ್ದರೆಂಬುದನ್ನು ಗಮನಿಸದೆ ಇರಲಾಗಲಿಲ್ಲ. ಹನ್ನೊಂದು ತಿಂಗಳು ಲೋಕವೇ ನಮ್ಮನ್ನು ಕಾಯಿಸಿತೆಂದು ದೂರಿದವರು ಹನ್ನೆರಡನೆಯದನ್ನು ನಮ್ಮ ಕೈಯಿಂದಲೇ ಕೂಡಿಸಿಕೊಳ್ಳಬೇಕಾಯಿತು. ಅದೂ ಯಾವ ಕಾರ್ಖಾನೆಯ ಬಲವಂತವೂ ಇಲ್ಲದೆ. ಪ್ರಯೋಜನವನ್ನು ಕೊನೆಯಲ್ಲಿ ಹೇಳುವೆನೆಂದಿದ್ದೆನಷ್ಟೆ: ಕಾಯಿಸುವವರಿಗೂ ಕಾಯುವವರಿಗೂ ಭಾಷೆಯೊಂದೇ ಎಂಬ ಅರಿವೇ ಆ ಪ್ರಯೋಜನ. ಸಂಜೆ ಮಧ್ಯಂತರದಲ್ಲಿ ಕುಳಿತು, ಎಡಗಡೆಯ ಗಾಜನ್ನು ಅಂಗೈಯಿಂದ ಆಶೀರ್ವದಿಸಿ ಏರಿಸಿ, ತರುಣನಿಗೆ ಫೋನು ಮಾಡಿದೆನು.

"ಯಾವಾಗ ಬರ್ತೀರಾ ಸಾರ್?" ಎಂದನು.

"ಪೈಪ್‌ಲೈನಲ್ಲಿದೆಯಪ್ಪಾ," ಎಂದೆನು. "ನೋಡಿ ಹೇಳ್ತೀನಿ."