ಮೊಟ್ಟೆ ಲೆಕ್ಕದ ಯಜಮಾನರು

ನಿವೃತ್ತಿಯಾದ ಮೇಲೆ ಮನೆ ಹಿತ್ತಲಲ್ಲಿ ಐದು ನಾಟಿ ಹೇಂಟೆ ಸಾಕಿಕೊಂಡ ಯಜಮಾನರೊಬ್ಬರು ಈಗ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಇವರನ್ನು ಗುರುತಿಸಲು ಕೋಳಿಗೂಡನ್ನೇ ಹುಡುಕಬೇಕಿಲ್ಲ, ಕೈಯಲ್ಲಿರುವ ಡೈರಿ ಕಂಡರೆ ಸಾಕು. ಕೋಳಿ ಮನೆಗೆ ಬರುವ ಮೊದಲೇ ಐದನ್ನು 365ರಿಂದ ಗುಣಿಸಿ, 1,825 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಾಗಿರುತ್ತದೆ. ಮನೆ ಖರ್ಚಿಗೆ ಇಷ್ಟು, ಮಗಳ ಮನೆಗೆ ಇಷ್ಟು, ಮಿಕ್ಕದ್ದು ಎದುರು ಮನೆಯವರಿಗೆ ಕ್ರಯಕ್ಕೆ. ಕೆಲವು ತಿಂಗಳಾದ ಮೇಲೆ ಡೈರಿಗೂ ಬುಟ್ಟಿಗೂ ತಾಳೆಯಾಗದೆ ವಿಚಾರಣೆ ಶುರುವಾಗುತ್ತದೆ. ಮೊದಲು ಹೆಗ್ಗಣದ ಮೇಲೆ ಗುಮಾನಿ, ಆಮೇಲೆ ಪಕ್ಕದ ಮನೆಯ ಬೆಕ್ಕಿನ ಮೇಲೆ, ಕೊನೆಗೆ ಸ್ವತಃ ಹೇಂಟೆಗಳ ಮೇಲೆ. ಗುಣಾಕಾರ ಮಾಡಿದವರ ಮೇಲೆ ಮಾತ್ರ ಯಾರಿಗೂ ಗುಮಾನಿ ಬರುವುದಿಲ್ಲ. ಆದರೆ ಕಳ್ಳ ಇರುವುದು ಅಲ್ಲೇ ಎಂಬುದು ನನ್ನ ವಾದ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬಂದವರು ಕೋಳಿಯನ್ನೂ ಸಂಬಳದ ನೌಕರಳೆಂದೇ ಎಣಿಸಿದ್ದಾರೆ.

ಕೋಳಿಯ ದಿನಕ್ಕೂ ನಮ್ಮ ದಿನಕ್ಕೂ ಅಳತೆಯೇ ಬೇರೆ. ಒಂದು ಮೊಟ್ಟೆ ಹೊಟ್ಟೆಯೊಳಗೆ ಸಿದ್ಧವಾಗಲು ಹೆಚ್ಚುಕಡಿಮೆ 24ರಿಂದ 26 ಗಂಟೆ ಬೇಕು, ಅದರಲ್ಲಿ ಚಿಪ್ಪು ಕಟ್ಟುವುದಕ್ಕೇ ಸುಮಾರು 20 ಗಂಟೆ ಹೋಗುತ್ತದೆ. ಹಾಗಾಗಿ ಸೋಮವಾರ ಬೆಳಗ್ಗೆ ಇಟ್ಟ ಹೇಂಟೆ ಮಂಗಳವಾರ ಸ್ವಲ್ಪ ತಡವಾಗಿ ಇಡುತ್ತದೆ, ಬುಧವಾರ ಇನ್ನೂ ತಡವಾಗಿ. ಸರದಿ ಹೀಗೆ ಮಧ್ಯಾಹ್ನ ದಾಟಿತೆಂದರೆ ಮುಂದಿನ ಹಳದಿ ಬಿಡುಗಡೆಯಾಗದೆ ಅಲ್ಲೇ ನಿಲ್ಲುತ್ತದೆ, ಮರುದಿನ ಬುಟ್ಟಿ ಖಾಲಿ. ಯಜಮಾನರ ಡೈರಿಯಲ್ಲಿ ಅದು ಗೈರುಹಾಜರಿ. ಇದರ ಮೇಲೆ ಬೆಳಕಿನ ಲೆಕ್ಕವೂ ಇದೆ. ಮೊಟ್ಟೆ ಕೋಳಿ ಪೂರ್ತಿ ಇಳುವರಿ ಕೊಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ತುಂಬುವುದಿಲ್ಲ. ಸೂರ್ಯನೇ ಓವರ್‌ಟೈಮ್ ಮಾಡದ ಊರಿನಲ್ಲಿ ಹೇಂಟೆಯನ್ನು ಬೈದು ಏನು ಫಲ?

ಇದೆಲ್ಲ ಯಾವ ಕೋಳಿಗಾದರೂ ಸಲ್ಲುವ ಮಾತು. ನಾಟಿ ಹೇಂಟೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಅದು ಹತ್ತು ಹದಿನೈದು ಮೊಟ್ಟೆ ಇಟ್ಟದ್ದೇ ಕಾವಿಗೆ ಕೂರುತ್ತದೆ. ಮೊಟ್ಟೆ ಎತ್ತಿಕೊಂಡರೂ ಖಾಲಿ ಬುಟ್ಟಿಯ ಮೇಲೆ ಪುಕ್ಕ ಕೆದರಿಕೊಂಡು, ಕೈ ಚಾಚಿದವರನ್ನು ಕುಕ್ಕುತ್ತ ಕೂತೇ ಇರುತ್ತದೆ. ಮೊಟ್ಟೆ ಬಿಟ್ಟರೆ 21 ದಿನ ಕಾವು, ಅದರ ಹಿಂದೆಯೇ ಮರಿಗಳ ಬಾಣಂತನ. ಅಷ್ಟು ದಿನವೂ ಮೊಟ್ಟೆಯ ಸುದ್ದಿಯಿಲ್ಲ. ವರ್ಷಕ್ಕೊಮ್ಮೆ ಗರಿ ಉದುರಿಸುವಾಗ ಮತ್ತೊಂದು ದೊಡ್ಡ ರಜೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿ ಹಿಡಿದರೆ ಹೇಂಟೆಯೊಂದಕ್ಕೆ ಐವತ್ತು ಅರವತ್ತು ಮೊಟ್ಟೆ. ಐದು ಸೇರಿ ಮುನ್ನೂರಾದರೆ ಅದು ಒಳ್ಳೆಯ ವರ್ಷವೇ. ಯಜಮಾನರು ಕಳ್ಳರ ಪಾಲೆಂದು ಬರೆದುಕೊಂಡ ಸಾವಿರದೈನೂರಕ್ಕೂ ಹೆಚ್ಚು ಮೊಟ್ಟೆಗಳು ಡೈರಿಯ ಆಚೆ ಎಲ್ಲೂ ಇರಲಿಲ್ಲ.

‘ಹಾಗಾದರೆ ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಹೇಗೆ ಇಡುತ್ತದೆ ಸ್ವಾಮಿ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಇಡುತ್ತದೆ, ಸುಳ್ಳಲ್ಲ. ಆದರೆ ಅದು ಕಾವಿಗೆ ಕೂರುವ ಗುಣವನ್ನೇ ತಲೆಮಾರುಗಳಿಂದ ಕಳೆದು ತೆಗೆದ ತಳಿ. ಅದಕ್ಕೆ ಸಂಜೆಯಾದ ಮೇಲೂ ದೀಪ, ದಿನಕ್ಕೆ ನೂರು ಗ್ರಾಂ ಮೇಲ್ಪಟ್ಟು ಅಳೆದ ಆಹಾರ, ಚಿಪ್ಪಿಗೆ ಬೇಕಾದಷ್ಟು ಸುಣ್ಣದಂಶ. ಒಂದೂವರೆ ವರ್ಷ ದಾಟಿ ಇಳುವರಿ ಇಳಿದರೆ ಕೋಳಿಯೇ ಗಾಡಿ ಹತ್ತುತ್ತದೆ. ನಮ್ಮ ಯಜಮಾನರು ಹಾಕುವುದು ನಿನ್ನೆಯ ಅನ್ನ ಮತ್ತು ಒಂದು ಹಿಡಿ ನುಚ್ಚು, ನಿರೀಕ್ಷೆ ಮಾತ್ರ ಫಾರಂದು. ಇನ್ನೂ ಗಟ್ಟಿಯಾದ ಆಕ್ಷೇಪ ಅವರ ಮನೆಯಾಕೆಯದು: ಅಜ್ಜಿ ಮನೆಯಲ್ಲಿ ಮೊಟ್ಟೆಗೆ ಎಂದೂ ಬರವಿರಲಿಲ್ಲವಲ್ಲ? ಇದನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಹೇಂಟೆಗಳು ಹತ್ತಾರು. ಒಂದು ಕಾವಿಗೆ ಕೂತರೆ ಇನ್ನೊಂದು ಇಡುತ್ತಿತ್ತು, ಮತ್ತೊಂದು ಮರಿಗಳ ಜೊತೆ ತಿಪ್ಪೆ ಕೆದರುತ್ತಿತ್ತು. ಮುಖ್ಯವಾಗಿ, ಅಜ್ಜಿ ಡೈರಿ ಬರೆಯುತ್ತಿರಲಿಲ್ಲ.

ಇಷ್ಟು ಕೇಳಿದ ಮೇಲೂ ಯಜಮಾನರಿಗೆ ಕೊನೆಯದೊಂದು ಉಪಾಯ ಹೊಳೆಯುತ್ತದೆ: ಹುಂಜ ತರುವುದು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಹುಂಜ ಬೇಕಾಗುವುದು ಮರಿ ಆಗಲು ಮಾತ್ರ ಎಂದು ಎಷ್ಟು ಹೇಳಿದರೂ ಸಂತೆಯಿಂದ ಅದು ಬಂದೇ ಬರುತ್ತದೆ. ಬಂದದ್ದು ನಸುಕಿಗೆ ಮೊದಲೇ ಬೀದಿಯನ್ನೆಲ್ಲ ಎಬ್ಬಿಸುತ್ತದೆ, ಡೈರಿಯಲ್ಲಿ ಸೊನ್ನೆ ಬರೆಯಲು ಆರನೆಯ ಕಾಲಂ ಒಂದು ಹೆಚ್ಚಾಗುತ್ತದೆ. ಲೆಕ್ಕ ತುಂಬಲೇಬೇಕೆಂದಿದ್ದರೆ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳಿವೆ. ಗಿರಿರಾಜ ವರ್ಷಕ್ಕೆ 130ರಿಂದ 150ರವರೆಗೆ ಇಟ್ಟೀತು, ಸ್ವರ್ಣಧಾರಾ ಇನ್ನಷ್ಟು. ಅವೂ 365ರ ಹತ್ತಿರ ಸುಳಿಯುವುದಿಲ್ಲ. ಹೊಸದಾಗಿ ಹೇಂಟೆ ಕೊಳ್ಳುವವರು ಡೈರಿ ಕೊಳ್ಳದಿರುವುದು ಒಳ್ಳೆಯದು, ಆ ದುಡ್ಡಿಗೆ ಒಂದಿಷ್ಟು ಕಪ್ಪೆಚಿಪ್ಪಿನ ಪುಡಿ ಬರುತ್ತದೆ.