ಡಬ್ಬದ ರೇಟು ಕೇಳಿದ್ರಾ?

ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿ, ರಗ್ಗಿನೊಳಗೆ ಮೊಬೈಲ್ ಹಿಡ್ಕೊಂಡು ನೀವು ಏನು ನೋಡ್ತೀರಿ ಅಂತ ನನಗೆ ಗೊತ್ತು. (ಗಾಬರಿಯಾಗ್ಬೇಡಿ, ಅದಲ್ಲ.) ಕ್ರೇನೊಂದು ಲಾರಿಯಿಂದ ಕಬ್ಬಿಣದ ಡಬ್ಬ ಇಳಿಸುತ್ತೆ. ಡಬ್ಬದ ಎರಡೂ ಪಕ್ಕೆ ಬಿಚ್ಚಿಕೊಳ್ಳುತ್ತೆ. ಮುಂದಿನ ಕ್ಷಣಕ್ಕೆ ಎರಡು ಬೆಡ್‌ರೂಮು, ಅಡುಗೆಮನೆ, ಗಾಜಿನ ಬಾಗಿಲು, ಬಾಗಿಲ ಮುಂದೆ ಕಾಫಿ ಕುಡೀತಾ ನಿಂತ ತೆಳ್ಳನೆಯ ದಂಪತಿ. ಕೆಳಗೆ ದಪ್ಪಕ್ಷರದಲ್ಲಿ ‘ಮೂರು ಲಕ್ಷ’, ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದ ಸೈಜಿನಲ್ಲಿ ‘ರಿಂದ ಆರಂಭ’.

ಸೇವ್ ಮಾಡ್ಕೊಂಡ್ರಿ ತಾನೇ? ಮನೆಯವರಿಗೂ ಫಾರ್ವರ್ಡ್ ಮಾಡಿದ್ರಿ. ಪಕ್ಕದಲ್ಲೇ ಮಲಗಿದ್ದಾರೆ, ಆದ್ರೂ ಫಾರ್ವರ್ಡ್.

ನಿಜ ಹೇಳಿ, ಡಬ್ಬದ ಮೇಲೆ ನಿಮಗೆ ಆಸೆ ಹುಟ್ಟಿದ್ದು ಮೇಸ್ತ್ರಿ ಮೇಲಿನ ಸಿಟ್ಟಿಗೆ. ಭಾವನ ಮನೆ ಕಟ್ಟೋವಾಗ ಕಣ್ಣಾರೆ ಕಂಡಿದ್ದೀರಲ್ಲ. ‘ನಾಳೆ ಬರ್ತೀನಿ ಸಾರ್’ ಅಂದು ಹೋದ ಮೇಸ್ತ್ರಿ ಊರಹಬ್ಬ ಮುಗಿಸ್ಕೊಂಡು ಬಂದ, ಟೈಲ್ಸಿನವನೂ ಪ್ಲಂಬರೂ ಮಾತು ಬಿಟ್ರು, ಭಾವನ ಕೂದಲು ಅರ್ಧ ಹೋಯ್ತು. ಡಬ್ಬಕ್ಕೆ ಸೆಂಟ್ರಿಂಗ್ ಇಲ್ಲ, ಕ್ಯೂರಿಂಗ್ ಇಲ್ಲ, ಬೆಳಗಾಗೆದ್ದು ಗೋಡೆಗೆ ಪೈಪ್ ಹಿಡಿಯೋ ಕೆಲಸ ಇಲ್ಲ. ಬಿಡುಗಡೆ ಅಂದ್ರೆ ಇದಪ್ಪ ಅನ್ನಿಸ್ತು.

ಇನ್ನೊಂದು ಗುಟ್ಟೂ ಇದೆ. 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದುಹಾಕಿದ್ರು. ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾಯ್ತು. ನೀವೂ ಮಾಗಡಿ ಕಡೆನೋ ಕನಕಪುರದ ಕಡೆನೋ ಇಪ್ಪತ್ತು ಗುಂಟೆ ಮಾಡ್ಕೊಂಡ್ರಿ, ನಾಲ್ಕು ಮಾವಿನ ಸಸಿ ನೆಟ್ರಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ರೈತರಾದ್ರಿ. ಮನೆಮಂದಿ ಒಂದು ಭಾನುವಾರ ಬಂದ್ರು. ಎರಡನೇ ಭಾನುವಾರ ಯಾರೂ ಬರ್ಲಿಲ್ಲ. (ಕಾರಣ ಟಾಯ್ಲೆಟ್ಟು. ಬೇರೇನೂ ಅಲ್ಲ.)

ಸರಿ, ಫೋನ್ ಮಾಡೇ ಬಿಟ್ರಿ. ಆ ಕಡೆಯವನು ಜೇನಿನಂಥ ದನಿಯಲ್ಲಿ ಚದರಡಿಗೆ 1,500 ಅಂದ ಅಂತಿಟ್ಕೊಳ್ಳಿ. ಇಪ್ಪತ್ತಡಿ ಉದ್ದ, ಎಂಟಡಿ ಅಗಲ, 160 ಚದರಡಿ. 2,40,000. ಶೇ. 18ರ ಜಿಎಸ್‌ಟಿ 43,200. ಒಟ್ಟು 2,83,200. ಮೂರು ಲಕ್ಷದೊಳಗೇ ಮನೆ! ಮಿಕ್ಕ 16,800ಕ್ಕೆ ಒಂದು ಉಯ್ಯಾಲೆ ತಗೋಬೇಕು ಅಂತ ಮನಸ್ಸಿನಲ್ಲೇ ತೂಗಾಡಿದ್ರಿ. ಹೌದೋ ಅಲ್ವೋ?

ಈಗ ಟೇಪು ತಗೊಳ್ಳಿ. ಅವನು ಹೇಳಿದ 160 ಚದರಡಿ ಹೊರಗಿನ ಅಳತೆ. ಒಳಗೆ ಹೋದ್ರೆ ಉದ್ದ ಹತ್ತೊಂಬತ್ತಡಿ ನಾಲ್ಕಂಗುಲ, ಅಗಲ ಏಳಡಿ ಎಂಟಂಗುಲ. ಬರೀ ತಗಡಿನ ಗೋಡೆಗೆ ಒರಗೋಕಾಗುತ್ತಾ? ರಾಕ್‌ವೂಲೋ ಪಫ್ಫೋ ತುಂಬಿ ಮೇಲೆ ಪ್ಲೈ ಹೊಡೀಬೇಕು, ಪ್ರತಿ ಗೋಡೆಗೂ ಮೂರಂಗುಲ. ಅಲ್ಲಿಗೆ ನಿಮಗೆ ಸಿಕ್ಕಿದ್ದು ಹೆಚ್ಚುಕಮ್ಮಿ 135 ಚದರಡಿ. ಉಳಿದ 25 ಚದರಡಿಗೆ ನೀವು ಕೊಟ್ಟ 37,500 ರೂಪಾಯಿ ಗೋಡೆಯೊಳಗೆ ಭದ್ರವಾಗಿದೆ.

ಆರೂವರೆ ಅಡಿ ಉದ್ದದ ಮಂಚವನ್ನ ಅಡ್ಡಲಾಗಿ ಹಾಕಿ ನೋಡಿ. ಕಾಲ ಬುಡದಲ್ಲಿ ಎಂಟಂಗುಲ ಜಾಗ ಉಳಿಯುತ್ತೆ. ರಾತ್ರಿ ಎದ್ದವರು ಅದರಲ್ಲೇ ಅಡ್ಡಡ್ಡ ಜಾರ್ಕೊಂಡು ಬಾತ್‌ರೂಮಿಗೆ ಹೋಗ್ಬೇಕು. (ನಿಮ್ಮ ಹೊಟ್ಟೆ ವಿಚಾರ ನಾನು ಎತ್ತೋದಿಲ್ಲ.) ಬೀರು ಎಲ್ಲಿಡ್ತೀರಿ? ಅತ್ತೆಯವರು ಕೊಟ್ಟ ಬೀರು ಕಣ್ರೀ, ಬಿಡೋ ಹಾಗಿಲ್ಲ!

ಸೀಲಿಂಗ್ ಫ್ಯಾನಿನ ಆಸೆ ಬಿಡಿ. ಸಾದಾ ಕಂಟೇನರಿನ ಒಳಎತ್ತರ 2.39 ಮೀಟರು. ಸೂರಿಗೂ ಪ್ಲೈ ಹೊಡೆದ ಮೇಲೆ ಫ್ಯಾನ್ ತೂಗುಹಾಕಿದ್ರೆ, ಬನಿಯನ್ ಬಿಚ್ಚೋಕೆ ಕೈ ಎತ್ತಿದಾಗಲೆಲ್ಲ ದೇವರ ಧ್ಯಾನ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ, 2.4 ಮೀಟರ್ ಅಗಲ ಇರ್ಬೇಕು. ಎಸಿ ಕೋಣೆಗೆ ಎತ್ತರ 2.4 ಇದ್ರೂ ನಡೆಯುತ್ತೆ. ಡಬ್ಬದ ಒಳಅಗಲ 2.35. ‘ಹೈ ಕ್ಯೂಬ್’ ಅಂತ ಒಂದಡಿ ಹೆಚ್ಚು ಎತ್ತರದ್ದು ಬರುತ್ತೆ, ಅದೂ 2.69ಕ್ಕೇ ಸುಸ್ತು.

ಪಾಪ, ಅದರ ತಪ್ಪೇನಿದೆ? 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಅನ್ನೋ ಅಮೆರಿಕದ ಲಾರಿ ಮಾಲೀಕ ‘ಐಡಿಯಲ್ ಎಕ್ಸ್’ ಹಡಗಿನ ಮೇಲೆ 58 ಪೆಟ್ಟಿಗೆ ಹೇರಿ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದಾಗ ಅವನ ತಲೆಯಲ್ಲಿದ್ದದ್ದು ಸಾಮಾನು. ಸಾಮಾನು ಮಗ್ಗುಲು ಬದಲಿಸಲ್ಲ, ಸೆಕೆ ಅನ್ನಲ್ಲ, ಎರಡನೇ ಬಾತ್‌ರೂಮ್ ಬೇಕು ಅಂತ ಹಟ ಹಿಡಿಯಲ್ಲ. ಫಿಲಿಪ್ ಕ್ಲಾರ್ಕ್ ಅನ್ನೋ ಇನ್ನೊಬ್ಬ ಅಮೆರಿಕದವನು ಇದರಲ್ಲಿ ಮನುಷ್ಯರನ್ನಿಡಬಹುದು ಅಂತ 1987ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಎರಡು ವರ್ಷಕ್ಕೆ ಪೇಟೆಂಟೂ ಸಿಕ್ತು.

ಇಷ್ಟು ಹೇಳಿದ್ರೂ ನೀವು ಡಬ್ಬ ನೋಡೋಕೆ ಹೋಗೇ ಹೋಗ್ತೀರಿ. ಹೋದಾಗ ಒಂದು ಕೆಲಸ ಮಾಡಿ. ಹಳೇ ಡಬ್ಬವಾದ್ರೆ ಬಾಗಿಲ ಮೇಲೆ ಚಿಕ್ಕ ಲೋಹದ ಫಲಕ ಇರುತ್ತೆ, ಹುಟ್ಟಿದ ತಿಂಗಳು, ವರ್ಷ ಅದರಲ್ಲಿದೆ. ನೆಲದ ಪ್ಲೈವುಡ್ಡಿಗೆ ಹುಳುಹಪ್ಪಟೆ ಬರದ ಹಾಗೆ ಯಾವ ಔಷಧಿ ಕುಡಿಸಿದ್ದಾರೆ ಅನ್ನೋದೂ ಬಾಗಿಲ ಮೇಲಿನ ಫಲಕದಲ್ಲೇ ಸಿಗುತ್ತೆ. (ಮೊಮ್ಮಗು ಅಂಬೆಗಾಲಿಡೋ ನೆಲ, ಸ್ವಲ್ಪ ಓದಿ.) ಆಮೇಲೆ ನಡುಮಧ್ಯಾಹ್ನ ಒಳಗೆ ಹೋಗಿ, ಎರಡೂ ಬಾಗಿಲು ಹಾಕಿಸ್ಕೊಂಡು ಕತ್ತಲಲ್ಲಿ ನಿಂತ್ಕೊಳ್ಳಿ. ಸೂರಿನಲ್ಲಿ ಚುಕ್ಕಿಚುಕ್ಕಿ ಬೆಳಕು ಕಂಡ್ರೆ ಆ ಡಬ್ಬ ಬೇಡ, ತುಕ್ಕು ತಿಂದಿದೆ. ಆದ್ರೆ ಬಾಗಿಲ ಚಿಲಕ ಇರೋದು ಹೊರಗಡೆ. ಹೊರಗೆ ನಿಲ್ಲಿಸೋದಕ್ಕೆ ನಿಮಗೆ ಸಾಲ ಕೊಟ್ಟವರು ಬೇಡ, ಭಾಮೈದನೂ ಬೇಡ.

ಕಿಟಕಿ ಬೇಕು ಅಂತೀರಿ. ಎಷ್ಟು? ಆರು! ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಭಾರ ಹೊರೋದು ನಾಲ್ಕು ಮೂಲೆಯ ಕಂಬ, ಆ ಕಂಬಗಳು ಆಚೀಚೆ ವಾಲದ ಹಾಗೆ ಹಿಡಿಯೋದು ಸುಕ್ಕುಸುಕ್ಕಾದ ಪಕ್ಕದ ತಗಡು. ಅದನ್ನೇ ಗ್ಯಾಸ್ ಕಟರಿನಲ್ಲಿ ಕೊಯ್ದ್ರೆ ಬಲ ಹೋಗುತ್ತೆ. ಕೊಯ್ದಲ್ಲೆಲ್ಲ ಸುತ್ತ ಬಾಕ್ಸ್ ಪೈಪಿನ ಫ್ರೇಮು ವೆಲ್ಡ್ ಮಾಡ್ಬೇಕು, ರೆಡ್ ಆಕ್ಸೈಡ್ ಬಳೀಬೇಕು, ಮೆಷ್ಷು, ಗ್ರಿಲ್ಲು ಕೂರಿಸ್ಬೇಕು. ವೀಡಿಯೊದಲ್ಲಿ ಒಂದು ಪಕ್ಕ ಪೂರ್ತಿ ಗಾಜಿತ್ತಲ್ಲ, ಅದರ ಬೆಲೆ ಕೇಳಿದಾಗ ಜೇನುದನಿಯವನು ‘ಅದು ಕಸ್ಟಮೈಸೇಷನ್ ಸಾರ್’ ಅಂತಾನೆ. ಅವನು ಆ ಪದ ಎತ್ತಿದಾಗ ಜೇಬು ಮುಟ್ಟಿ ನೋಡ್ಕೊಳ್ಳಿ.

ಸೆಕೆ? ಏಪ್ರಿಲ್ಲಿನ ಮಧ್ಯಾಹ್ನ ಬರೀ ಡಬ್ಬದೊಳಗೆ ಕೂತ್ರೆ ಇಡ್ಲಿ ಪಾತ್ರೆಯ ಕಷ್ಟಸುಖ ತಿಳಿಯುತ್ತೆ. 2022ರ ಫುಟ್‌ಬಾಲ್ ವಿಶ್ವಕಪ್ಪಿಗೆ ಕತಾರಿನ ದೋಹಾದಲ್ಲಿ 974 ಕಂಟೇನರ್ ಜೋಡಿಸಿ ಸ್ಟೇಡಿಯಮ್ಮನ್ನೇ ಕಟ್ಟಿದ್ರು, ಹೆಸರೂ ‘ಸ್ಟೇಡಿಯಂ 974’. ಬೇರೆ ಸ್ಟೇಡಿಯಮ್ಮುಗಳಿಗಿದ್ದ ತಂಪಿನ ವ್ಯವಸ್ಥೆ ಇದಕ್ಕಿರಲಿಲ್ಲ, ಹಾಗಾಗಿ ಇಲ್ಲಿ ಆಟ ಏನಿದ್ರೂ ಹೊತ್ತು ಮುಳುಗಿದ ಮೇಲೆ. ನೀವು ರಾಯಚೂರಿನ ಕಡೆಯವರಾದ್ರೆ ನಿಮ್ಮ ಸಂಸಾರವೂ ಅದೇ ಟೈಮ್‌ಟೇಬಲ್ಲಿಗೆ ಹೊಂದ್ಕೊಳ್ಬೇಕು, ಇಲ್ಲಾ ಎಸಿಗೆ ದುಡ್ಡು ತೆಗೆದಿಡ್ಬೇಕು.

ಸಕಲೇಶಪುರದ ಕಡೆಯವರು ನಗ್ಬೇಡಿ, ನಿಮಗೆ ಮಳೆ ಇದೆ. ಸಪಾಟು ತಗಡಿನ ಸೂರಿನ ಮೇಲೆ ಆಷಾಢದ ಮಳೆ ಬಿದ್ರೆ ಒಳಗೆ ಗಂಡ ಹೆಂಡ್ತಿ ಸನ್ನೆಯಲ್ಲೇ ಮಾತಾಡ್ಬೇಕು. (ಕೆಲವರಿಗೆ ಇದೇ ಲಾಭ.) ಕರಾವಳಿಯವರಿಗಂತೂ ಉಪ್ಪುಗಾಳಿ ಪುಕ್ಕಟೆ, ಬಣ್ಣ ಎದ್ದ ಕಡೆಯೆಲ್ಲ ತುಕ್ಕು. ಒಂದೇ ಮಳೆಗಾಲದಲ್ಲಿ ಬುದ್ಧಿ ಬಂದು, ಡಬ್ಬದ ಮೇಲೆ ಕಂಬ ನೆಟ್ಟು ಇಳಿಜಾರಾಗಿ ಶೀಟೋ ಮಂಗಳೂರು ಹೆಂಚೋ ಹಾಕಿಸ್ತೀರಿ. ಮುಂದೆ ನಾಲ್ಕಡಿ ಜಗಲಿಯೂ ಆಗುತ್ತೆ. ಈಗ ಹೇಳಿ, ಇದು ಮನೆಗೆ ಕಟ್ಟಿಸಿದ ಮನೆ ಅಲ್ವಾ? ಹೆಂಚು ಹೊದಿಸೋಕೆ ಬಂದವನು ಯಾರು? ಅದೇ ಮೇಸ್ತ್ರಿ!

ಅಷ್ಟಕ್ಕೂ ಡಬ್ಬ ಹೊಲಕ್ಕೆ ಬರೋದು ಹೇಗೆ? ಟಾರ್ ರೋಡಿನ ತನಕ ಟ್ರೇಲರ್ ಬರುತ್ತೆ. ಅಲ್ಲಿಂದ ನಿಮ್ಮ ಜಮೀನಿಗೆ ಗಾಡಿದಾರಿ. ಆ ಹುಣಸೆಮರದ ತಿರುವಿನಲ್ಲಿ ನಿಮ್ಮ ಕಾರೇ ಎರಡು ಸಲ ರಿವರ್ಸ್ ಹೊಡೆಯುತ್ತೆ, ಟ್ರೇಲರ್ ತಿರುಗುತ್ತಾ? ಒಂದು ಹೈಡ್ರಾ ಕ್ರೇನ್ ಬೇಕು. ಅದು ಹೊರಟ ಗಳಿಗೆಯಿಂದ ಬಾಡಿಗೆ ಓಡುತ್ತೆ, ನಿಂತಿದ್ರೂ ಓಡುತ್ತೆ. ಅಡ್ಡಕ್ಕೆ ಕರೆಂಟಿನ ತಂತಿ ಬಂದ್ರೆ ಲೈನ್‌ಮನ್ ಬರ್ಬೇಕು, ಪಕ್ಕದ ಹೊಲದವರ ಬದು ಮುರಿದ್ರೆ ಪಂಚಾಯ್ತಿಯೇ ಸೇರ್ಬೇಕು. ಡಬ್ಬ ಗಾಳಿಯಲ್ಲಿ ತೂಗಾಡ್ತಿರೋವಾಗ ಊರಿಗೂರೇ ನಿಂತು ‘ಎಡಕ್ಕೆ, ಎಡಕ್ಕೆ’ ಅಂತ ಸಲಹೆ ಕೊಡುತ್ತೆ. ಅದಂತೂ ಫ್ರೀ.

ಇಳಿಸೋಕೆ ಕೆಳಗೆ ಕಾಂಕ್ರೀಟ್ ದಿಮ್ಮಿ ಆಗಿರ್ಬೇಕು. ಬೋರ್ ಕೊರೆಸ್ಬೇಕು, ಕರೆಂಟ್ ಎಳೆಸ್ಬೇಕು, ಪಿಟ್ಟಿಗೆ ರಿಂಗು ಇಳಿಸ್ಬೇಕು, ಮೈಯೆಲ್ಲ ಲೋಹವಾದ್ದರಿಂದ ಅರ್ಥಿಂಗ್ ಕಡ್ಡಾಯ. ಇದ್ಯಾವುದೂ ಆ ಮೂರು ಲಕ್ಷದಲ್ಲಿ ಇಲ್ಲ ಸ್ವಾಮಿ. ಇಟ್ಟಿಗೆ ಮನೆಗೂ ಇಷ್ಟೂ ಖರ್ಚು ಇದ್ದೇ ಇತ್ತು. ಡಬ್ಬ ಉಳಿಸೋದು ಗೋಡೆ ಎಬ್ಬಿಸೋ ಸಮಯವನ್ನ, ನಿಮ್ಮ ಉಳಿದ ಖರ್ಚನ್ನಲ್ಲ.

‘ಅಯ್ಯೋ, ನಾನು ನೋಡಿದ್ದು ಆ ಮಡಚೋ ಮನೆ’ ಅಂದ್ರಾ? ಗೊತ್ತು ಬಿಡಿ. ಅಮೆರಿಕದ ಯುವಕನೊಬ್ಬ ಸುಮಾರು 26,000 ಡಾಲರ್ ಕೊಟ್ಟು ಅಮೆಜಾನಿನಲ್ಲಿ ಮನೆ ತರಿಸ್ಕೊಂಡ ವೀಡಿಯೊ 2024ರಲ್ಲಿ ಜಗತ್ತೆಲ್ಲ ಸುತ್ತಿತು. ಇಪ್ಪತ್ತಡಿಯ ಈ ಮಾದರಿ ಬಿಚ್ಚಿದ್ರೆ ಸುಮಾರು 37 ಚದರ ಮೀಟರ್, ಅಂದ್ರೆ ನಾನೂರು ಚದರಡಿ ಆಗುತ್ತೆ. ಇದು ಹಡಗಿನ ಗಟ್ಟಿ ಡಬ್ಬವಲ್ಲ, ಸ್ಟೀಲ್ ಚೌಕಟ್ಟಿಗೆ ಸ್ಯಾಂಡ್‌ವಿಚ್ ಪ್ಯಾನೆಲ್ ಹಾಕಿದ್ದು. ಬಿಚ್ಚಿದಷ್ಟೂ ಜಾಗಕ್ಕೆ ಅಡಿಪಾಯ ಮಟ್ಟಸವಾಗಿರ್ಬೇಕು. ಒಂದಂಗುಲ ಆಚೀಚೆ ಆಯ್ತೋ, ಬಾಗಿಲು ಮುಚ್ಚೋದಿಲ್ಲ.

ಮಡಿಕೆ ಇರೋ ಕಡೆಯೆಲ್ಲ ರಬ್ಬರ್ ಪಟ್ಟಿ. ಮಲೆನಾಡಿನ ಮಳೆಗೂ ಬಯಲುಸೀಮೆ ಬಿಸಿಲಿಗೂ ರಬ್ಬರ್ ಎಷ್ಟು ವರ್ಷ ತಡೆಯುತ್ತೆ ಅಂತ ನಿಮ್ಮ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟನ್ನೇ ವಿಚಾರಿಸಿ. ಅದೂ ಇರ್ಲಿ, ದಿನಾ ಬೆಳಗ್ಗೆ ಬಿಚ್ಚಿ ರಾತ್ರಿ ಮಡಚ್ತೀರಾ? ಒಂದು ಸಲ ಬಿಚ್ಚಿ ಸೋಫಾ ಇಟ್ಟ ಮೇಲೆ ಅದು ಜನ್ಮಕ್ಕೆ ಮಡಚಲ್ಲ. ಮದುವೆಯಾದ ಹೊಸದರಲ್ಲಿ ಕೊಂಡ ಸೋಫಾ ಕಮ್ ಬೆಡ್ ಇವತ್ತು ಯಾವ ಭಂಗಿಯಲ್ಲಿದೆ, ಒಮ್ಮೆ ಹಾಲಿಗೆ ಹೋಗಿ ನೋಡ್ಕೊಂಡು ಬನ್ನಿ.

ಹಾಗಂತ ಡಬ್ಬ ಕೆಟ್ಟದ್ದು ಅನ್ನಬೇಡಿ. ನಾಲ್ಕು ದಿನದ ಜಾಗಕ್ಕೆ ಅದು ರಾಜ. ಮೆಟ್ರೊ ಕೆಲಸದ ಪಕ್ಕ ಸೈಟ್ ಆಫೀಸು ನೋಡಿ, ಲೀಸಿಗೆ ತಗೊಂಡ ಜಾಗದ ಹೋಮ್‌ಸ್ಟೇ ನೋಡಿ. ಆಮ್‌ಸ್ಟರ್‌ಡ್ಯಾಮಿನ ಕೀಟ್‌ವೋನನ್ನಿನಲ್ಲಿ ಸಾವಿರ ವಿದ್ಯಾರ್ಥಿಗಳಿಗೆ ಐದು ವರ್ಷದ ಮಟ್ಟಿಗೆ ಅಂತ ಡಬ್ಬ ಪೇರಿಸಿದ್ರು, ಅವಧಿ ಮುಗಿದ ಮೇಲೂ ಹುಡುಗರು ಅಲ್ಲೇ ಇದ್ರು. ಆದ್ರೆ ಆ ಹುಡುಗರ ಹತ್ರ ಅತ್ತೆಯವರ ಬೀರು ಇರ್ಲಿಲ್ಲ.

ಬ್ಯಾಂಕಿಗೆ ಹೋಗಿ ‘ಹೋಮ್ ಲೋನ್’ ಅಂದ್ರೆ ಮ್ಯಾನೇಜರು ಕನ್ನಡಕ ತೆಗೆದು ನೋಡ್ತಾರೆ. ಕ್ರೇನ್ ತಂದು ಹೊತ್ಕೊಂಡು ಹೋಗಬಹುದಾದ ಆಸ್ತಿಗೆ ಮೂವತ್ತು ವರ್ಷದ ಸಾಲ ಕೊಡೋಕೆ ಅವರಿಗೂ ಭಯ ಇರಲ್ವಾ? ವಾಸ್ತುವಿನಲ್ಲಿ ಮಾತ್ರ ನೀವೇ ಗೆದ್ರಿ. ಬಾಗಿಲು ದಕ್ಷಿಣಕ್ಕಿದೆ ಅಂತ ಯಾರಾದ್ರೂ ರಾಗ ಎಳೆದ್ರೆ ಗೋಡೆ ಒಡೆಯೋದು ಬೇಡ, ಹೈಡ್ರಾ ಕರೆಸಿ ಮನೆಯನ್ನೇ ತಿರುಗಿಸಬಹುದು. ಗೃಹಪ್ರವೇಶದ ಹೋಮ ಹೊರಗೆ ಶಾಮಿಯಾನದಲ್ಲಿಟ್ಕೊಳ್ಳಿ. ಏಳಡಿ ಅಗಲದಲ್ಲಿ ಹೊಗೆ, ಪುರೋಹಿತರು, ನೀವಿಬ್ಬರು, ಒಂದು ಹಸು! ಒಳಗೆ ಬಂದ ಹಸು ತಿರುಗೋದೆಲ್ಲಿ? ರಿವರ್ಸಿನಲ್ಲೇ ಹೋಗ್ಬೇಕು ಪಾಪ.

ಕೊನೆಗೆ ‘ಬೇಡವಾದ್ರೆ ಮಾರಿಬಿಡೋಣ, ರೀಸೇಲ್ ಇದೆ’ ಅಂತೀರಿ. ಇದೆ. ಇಪ್ಪತ್ತಡಿ ಖಾಲಿ ಡಬ್ಬ ಸುಮಾರು 2,200 ಕೆಜಿ ತೂಗುತ್ತೆ, ಕೆಜಿ ಲೆಕ್ಕದಲ್ಲಿ ಮಾರಬಹುದಾದ ಮನೆ ಇನ್ನೆಲ್ಲಿದೆ? ಗುಜರಿಯವನು ಬಂದು ಸುತ್ತ ನೋಡಿ, ಬೆರಳಿನಿಂದ ತಟ್ಟಿ, ನೀವು ಆಸೆಪಟ್ಟು ಹೊಡೆಸಿದ ಪ್ಲೈವುಡ್ಡು, ರಾಕ್‌ವೂಲು, ಟೈಲ್ಸು ಎಲ್ಲ ತೋರಿಸಿ ಒಂದೇ ಮಾತು ಹೇಳ್ತಾನೆ: ‘ಸಾರ್, ಈ ಕಸ ಎಲ್ಲ ನೀವೇ ಕಿತ್ಕೊಡ್ಬೇಕು, ನಾವು ಕಬ್ಬಿಣ ಮಾತ್ರ ತಗೊಳ್ಳೋದು.’